ಎರಡು ಗಂಟೆ ಅವನನ್ನು ಫೋನಲ್ಲೇ ಹಿಡಿದಿಟ್ಟೆ

ನಮ್ಮ ಅತ್ತೆ ಕೂಡಿಟ್ಟ ದುಡ್ಡು ಇಂಥದ್ದೇ ಒಂದು ಕರೆಯಲ್ಲಿ ಹೋಗಿತ್ತು. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ" ಅಂತ ಸ್ಕ್ರೀನ್ ತುಂಬ ಕೆಂಪು ಸಂದೇಶ ಬರುತ್ತಲ್ಲ, ಅದು. ಆಮೇಲೊಂದು ದಿನ ನನಗೂ ಅದೇ ಬಂತು. ನಂಬರ್ ಬರೆದಿಟ್ಟುಕೊಂಡೆ.

ಫೋನ್ ಮಾಡೋ ಮೊದಲು ವರ್ಚುವಲ್ ಮಷಿನ್ ಹಾಕಿಕೊಂಡೆ, ಅಂದರೆ ಕಂಪ್ಯೂಟರ್ ಒಳಗೇ ಇನ್ನೊಂದು ಬೇರೆ ಕಂಪ್ಯೂಟರ್. ಅದರಲ್ಲಿ ನನ್ನ ಹೆಸರಿಲ್ಲ, ಫೋಟೋ ಇಲ್ಲ, ಒಂದೂ ಪಾಸ್‌ವರ್ಡ್ ಇಲ್ಲ, ಮನೆಯ ಉಳಿದ ಕಂಪ್ಯೂಟರುಗಳೂ ಅದಕ್ಕೆ ಕಾಣದ ಹಾಗೆ ಮಾಡಿದ್ದೆ. ಫೋನ್ ನಂಬರೂ ಬೇರೆ. ಇಷ್ಟು ಮಾಡೋಕೆ ಬರದಿದ್ದರೆ ದಯವಿಟ್ಟು ಇದಕ್ಕೆ ಕೈ ಹಾಕಬೇಡಿ.

ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ ವಂಚಕ ಮೊದಲು ಈವೆಂಟ್ ವ್ಯೂವರ್ ತೆರೆಸಿದ. "ನೋಡಿ ಎಷ್ಟು ಕೆಂಪು ಗುರುತು, ಎಲ್ಲಾ ವೈರಸ್!" ಅದು ವಿಂಡೋಸ್ ತಾನೇ ಬರೆದಿಡೋ ದಾಖಲೆ. ಚೆನ್ನಾಗಿರೋ ಕಂಪ್ಯೂಟರಲ್ಲೂ ಕೆಂಪು, ಹಳದಿ ಗುರುತು ಬೇಕಾದಷ್ಟು ಇರುತ್ತವೆ. ಅತ್ತೆ ಹೆದರಿದ್ದು ಇದನ್ನೇ ನೋಡಿ.

"ಇಲ್ಲ" ಅಂದರೆ ಅವನು ಫೋನ್ ಇಟ್ಟು ಇನ್ನೊಬ್ಬರನ್ನು ಹುಡುಕುತ್ತಾನೆ. ಅದಕ್ಕೇ ನಾನು ವಯಸ್ಸಾದವರ ದನಿಯಲ್ಲಿ ಎಲ್ಲದಕ್ಕೂ "ಆಯ್ತು ಸರ್" ಅಂದೆ, ಆದರೆ ತುಂಬಾ ನಿಧಾನ. ರಿಮೋಟ್ ಆ್ಯಪ್, ಅಂದರೆ ಅವನು ಅಲ್ಲಿಂದಲೇ ನನ್ನ ಕಂಪ್ಯೂಟರ್ ಒಳಗೆ ಬರೋಕೆ ಬೇಕಾದ ಆ್ಯಪ್ ಹಾಕಿಸಿ, ಅದರ 9 ಅಂಕಿಯ ಐಡಿ ಓದಿ ಅಂದ. ಓದಿದೆ, ನಡುವಿನ ಎರಡು ಅಂಕಿ ಅದಲುಬದಲು ಮಾಡಿ. ಆಚೆಯಿಂದ ಕೀಲಿ ಕುಟ್ಟೋ ಸದ್ದು, ಸ್ವಲ್ಪ ಹೊತ್ತು ಮೌನ, ಆಮೇಲೆ ಉದ್ದ ಉಸಿರು. "ಇನ್ನೊಮ್ಮೆ ಓದಿ." ಕನ್ನಡಕ ಹುಡುಕ್ತೀನಿ ಇರಿ ಅಂದೆ. ಇದರಲ್ಲೇ 25 ನಿಮಿಷ ಹೋಯಿತು.

ಒಳಗೆ ಬಂದ ಮೇಲೆ ಗಿಫ್ಟ್ ಕಾರ್ಡ್ ತಂದು ನಂಬರ್ ಹೇಳಿ ಅಂದ. ಆ ನಂಬರ್ ಸಿಕ್ಕರೆ ಕಾರ್ಡಿನ ದುಡ್ಡು ಅವನದೇ. "ಫೋನ್ ಕಟ್ ಮಾಡಬೇಡಿ. ಅಂಗಡಿಯಲ್ಲಿ ಯಾರಾದ್ರೂ ಕೇಳಿದರೆ ಮೊಮ್ಮಗನಿಗೆ ಅಂತ ಹೇಳಿ." ಅತ್ತೆಗೂ ಇದೇ ಮಾತು ಹೇಳಿಕೊಟ್ಟಿದ್ದರು! ನನ್ನ ಕೈ ನಡುಗಿತು. ಫೋನನ್ನು ಮೇಜಿನ ಮೇಲಿಟ್ಟು 40 ನಿಮಿಷ ಸುಮ್ನೆ ಕೂತೆ. ಅವನು ಲೈನಲ್ಲೇ ಕಾದ, ನಡುನಡುವೆ "ಹಲೋ, ಹಲೋ" ಅನ್ನುತ್ತಾ. ಅಷ್ಟು ಹೊತ್ತು ಅವನ ಕೈಗೆ ಇನ್ಯಾರ ಅತ್ತೆಯೂ ಸಿಗಲಿಲ್ಲ ಅಲ್ವಾ, ನನಗೆ ಬೇಕಿದ್ದದ್ದು ಅದೇ.

ಆಮೇಲೆ ಒಂದು ಅಂಕಿ ಕಡಿಮೆ ಇರೋ ನಂಬರ್ ಹೇಳಿದೆ, ಮತ್ತೆ ಹೇಳಿದೆ, ಮೂರನೇ ಸಲಕ್ಕೆ ಅವನು ಬಾಯಿಗೆ ಬಂದಂತೆ ಬೈದು ಇಟ್ಟ. ನಾನು ತಿರುಗಿ ಬೈಯಲಿಲ್ಲ. ಇಂಥ ಮೋಸದ ಕರೆ ಮಾಡಿಸೋ ಕಡೆ ಬಲವಂತವಾಗಿ ಕೂರಿಸಿದವರೂ ಇರುತ್ತಾರೆ.

ಅವನು ಒಳಬಂದ ಐಡಿ, ಸಮಯ, ಫೋನ್ ನಂಬರ್ ಎಲ್ಲವನ್ನೂ ರಿಮೋಟ್ ಆ್ಯಪ್‌ನವರಿಗೆ ಮತ್ತು ಪೊಲೀಸರಿಗೆ ಕಳಿಸಿದೆ. ಆ ವರ್ಚುವಲ್ ಮಷಿನ್ ಅಳಿಸಿ, ಹೊಸದೊಂದು ಹಾಕಿಟ್ಟಿದ್ದೇನೆ.