ಸಂಶೋಧನೆಯ ಮಂಡನೆ: ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಬಗೆ

ಕಾಸರಗೋಡಿನ ಕಡೆಯ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಅನೇಕರು ತಾಳಮದ್ದಳೆಯ, ಅಂದರೆ ವೇಷ-ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನದ, ಅರ್ಥಗಾರಿಕೆಯನ್ನು (ಪಾತ್ರಗಳ ಮಾತುಗಾರಿಕೆಯನ್ನು) ಕೇಳುತ್ತ ಬೆಳೆದವರಾದ್ದರಿಂದ ಅವರಿಗೆ ಮಾತಿನ ಬಡತನವಿಲ್ಲ. ಆದರೂ ವಿಚಾರಗೋಷ್ಠಿಯಲ್ಲಿ ಎದ್ದು ನಿಂತೊಡನೆ ಹಿಂದಿನ ಅಧ್ಯಯನಗಳ ಪಟ್ಟಿಯನ್ನು ಓದತೊಡಗುತ್ತಾರೆ. ತಮ್ಮದೇ ಶೋಧದ ಮಾತಿಗೆ ಬರುವಷ್ಟರಲ್ಲಿ ಸಮಯ ಮುಗಿಯಿತೆಂಬ ಅಧ್ಯಕ್ಷರ ಚೀಟಿ ಕೈಸೇರಿರುತ್ತದೆ. ಪೀಠಿಕೆಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುವ ಅನುಕೂಲ ಅರ್ಥಧಾರಿಗಳಿಗೆ ಉಂಟು, ಗೋಷ್ಠಿಯಲ್ಲಿ ಇಲ್ಲ.

ಆದ್ದರಿಂದ ತರಬೇತಿಯನ್ನು ಸ್ಲೈಡುಗಳಿಲ್ಲದೆ ಆರಂಭಿಸಬೇಕು. ವಿದ್ಯಾರ್ಥಿಯು ತನ್ನ ವಿಷಯವನ್ನು ಒಂದೇ ಪ್ರಶ್ನೆಯಾಗಿ ಹೇಳುವವರೆಗೆ ಮುಂದಕ್ಕೆ ಹೋಗಬಾರದು. ಉದಾಹರಣೆಗೆ, 'ಕಾಸರಗೋಡಿನ ಸುರಂಗಗಳು: ಒಂದು ಅಧ್ಯಯನ' ಎಂಬುದು ಶೀರ್ಷಿಕೆಯಷ್ಟೇ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುತ್ತಿರುವಾಗಲೂ ಮನೆಯವರು ಕೊಳವೆಬಾವಿಯನ್ನೇಕೆ ಕೊರೆಸುತ್ತಾರೆ ಎಂದು ಕೇಳಿದರೆ ಸಭೆ ತಲೆಯೆತ್ತುತ್ತದೆ.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯವು 2008ರಲ್ಲಿ ಆರಂಭಿಸಿದ ಸ್ಪರ್ಧೆಯೊಂದರಲ್ಲಿ ಸಂಶೋಧಕರು ಇಡೀ ಮಹಾಪ್ರಬಂಧದ ತಿರುಳನ್ನು 3 ನಿಮಿಷಗಳಲ್ಲಿ, ಒಂದೇ ಸ್ಲೈಡಿನ ನೆರವಿನಿಂದ ಹೇಳಬೇಕು. ಸ್ಪರ್ಧೆಯ ಗೊಡವೆ ಬೇಡದವರೂ ಈ ನಿಯಮವನ್ನು ಅಭ್ಯಾಸಕ್ಕೆ ಬಳಸಿಕೊಳ್ಳಬಹುದು. ಪ್ರಶ್ನೆ, ಅದಕ್ಕೆ ದೊರೆತ ಉತ್ತರ, ಆ ಉತ್ತರಕ್ಕೆ ಆಧಾರ, ಈ ಮೂರೂ ಅಷ್ಟರಲ್ಲಿ ಅಡಕವಾದ ಮೇಲೆ 20 ನಿಮಿಷಗಳ ಮಂಡನೆಗೆ ಬೇಕಾದ ವಿಧಾನ, ಅಂಕಿಅಂಶ ಮತ್ತು ಮಿತಿಗಳನ್ನು ಸೇರಿಸುತ್ತ ಹೋಗುವುದು ಸುಲಭ. ತುಂಬಿದ್ದನ್ನು ಕಡಿಮೆ ಮಾಡುವುದೇ ಕಷ್ಟ.

ಕೇಳುಗರನ್ನೂ ಆರಿಸಿ ಕೂರಿಸಬೇಕು. ಕನ್ನಡ, ತುಳು, ಮಲಯಾಳ ಮೂರೂ ಓಡಾಡುವ ನಮ್ಮ ಊರುಗಳಲ್ಲಿ ಇದು ಕಷ್ಟವಲ್ಲ: ಬೇರೆ ವಿಭಾಗದ, ಬೇರೆ ಮನೆಮಾತಿನ ಇಬ್ಬರು ಕೇಳಿ, ತಮಗೆ ಅರ್ಥವಾದದ್ದನ್ನು ಮರಳಿ ಹೇಳಲಿ. ಅವರು ತಪ್ಪಾಗಿ ಹೇಳಿದ ಜಾಗದಲ್ಲೇ ಮಂಡನೆ ಸಡಿಲವಾಗಿದೆಯೆಂದು ತಿಳಿಯಬೇಕು. ಸ್ಲೈಡುಗಳ ಸರದಿ ಬರುವುದು ಆಮೇಲೆ. ಗುಡ್ಡದ ಸೀಳುನೋಟದ ಒಂದು ರೇಖಾಚಿತ್ರವು ಹತ್ತು ಸಾಲುಗಳ ವಿವರಣೆಯ ಕೆಲಸ ಮಾಡುತ್ತದೆ, ಪ್ರಬಂಧದ ಪುಟವನ್ನೇ ಪರದೆಗೆ ಅಂಟಿಸುವುದು ಯಾವ ಕೆಲಸವನ್ನೂ ಮಾಡದು.

ಪ್ರಶ್ನೋತ್ತರದ ಅಭ್ಯಾಸದಲ್ಲಿ ಹೆಚ್ಚಾಗಿ ಎಡವುವವರು ನಾವು ಮಾರ್ಗದರ್ಶಕರೇ. ವಿದ್ಯಾರ್ಥಿಯು ಕ್ಷಣಕಾಲ ತಡೆದರೆ ಸಾಕು, ನಮ್ಮ ಬಾಯಿ ತೆರೆಯುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತು, ಅವರು ತಡವರಿಸಿದ ಪ್ರಶ್ನೆಗಳನ್ನು ಬರೆದುಕೊಂಡು, ಮರುದಿನ ಅವನ್ನೇ ಬೇರೆಯವರಿಂದ ಕೇಳಿಸಬೇಕು.