ಮೊನೆ ನೋಡಿ ಸ್ಕ್ರ್ಯಾಚ್ ಆಲ್ ಆರಿಸುವುದು: ನನ್ನ ಅನುಭವ

ಲೋಹದ ಮೇಲೆ ಗೀರಿ ಗುರುತು ಹಾಕುವ ಚೂಪು ಮೊನೆಯ ಉಪಕರಣವೇ ಸ್ಕ್ರ್ಯಾಚ್ ಆಲ್. ಹೊಸದೊಂದು ಕೈಗೆ ಬಂದರೆ ಹೆಚ್ಚಿನವರು ಮೊದಲು ಹಿಡಿಯನ್ನು ಅಮುಕಿ ನೋಡುತ್ತಾರೆ. ನಾನು ಮೊನೆಯಿಂದ ಶುರು ಮಾಡುತ್ತೇನೆ. ಗುರುತು ಹಾಕುವ ಕೆಲಸವೆಲ್ಲ ನಡೆಯುವುದು ತುದಿಯ ಕೊನೆಯ ಒಂದು ಮಿಲಿಮೀಟರಿನಲ್ಲಿ. ಚೂಪಾದ ಮೊನೆಯ ಗೀರು ಸುಮಾರು 0.1 ಮಿ.ಮೀ. ಅಗಲ ಇರುತ್ತದೆ. ಮೊನೆ ಮೊಂಡಾಗಿದ್ದರೆ ಅದೇ ಗೀರು ಹಲವು ಪಟ್ಟು ದಪ್ಪವಾಗುತ್ತದೆ, ಅದರ ಯಾವ ಅಂಚು ನಿಜವಾದ ಅಳತೆ ಎಂದು ಆಮೇಲೆ ಯಾರೂ ಹೇಳಲಾರರು. ತೂತಿನ ಜಾಗದಲ್ಲಿ ಗುಳಿ ಹೊಡೆಯುವ ಪಂಚ್ ಆ ಅಗಲದೊಳಗೆ ಎಲ್ಲೋ ಒಂದು ಕಡೆ ಕೂರುತ್ತದೆ, ಡ್ರಿಲ್ ಪಂಚ್ ತೋರಿಸಿದ ಕಡೆ ಇಳಿಯುತ್ತದೆ, ಕೊನೆಗೆ ಎರಡು ಪ್ಲೇಟ್ ಜೋಡಿಸುವ ಹೊತ್ತಿಗೆ ತೂತುಗಳು ಒಂದರ ಮೇಲೊಂದು ಬರುವುದಿಲ್ಲ. ಆಗ ಎಲ್ಲರೂ ಡ್ರಿಲ್ ಮಷಿನ್ನನ್ನು ಬೈಯುತ್ತಾರೆ.

ಆರಿಸುವಾಗ ನಾನು ಮಾಡುವ ಮೊದಲ ಪರೀಕ್ಷೆ ಹೀಗೆ. ಹಿಡಿಯನ್ನು ಬೆರಳುಗಳ ನಡುವೆ ನಿಧಾನವಾಗಿ ತಿರುಗಿಸುತ್ತಾ ತುದಿಯನ್ನೇ ನೋಡುತ್ತೇನೆ. ಮೊನೆ ನಿಂತಲ್ಲೇ ತಿರುಗಬೇಕು. ಅದು ಸಣ್ಣ ವೃತ್ತ ಬರೆದಂತೆ ಓಲಾಡಿದರೆ ಸರಳು ಬಾಗಿದೆ, ಇಲ್ಲವೇ ಮೊನೆಯನ್ನು ನಡುವಿನಿಂದ ಸರಿಸಿ ಮಸೆದಿದ್ದಾರೆ. ಅಂಥದ್ದನ್ನು ಹಿಡಿದ ಬಗೆ ಸ್ವಲ್ಪ ಬದಲಾದರೂ ಗೀರು ರೂಲಿನ (ಉಕ್ಕಿನ ಅಳತೆಪಟ್ಟಿಯ) ಅಂಚು ಬಿಟ್ಟು ಸರಿಯುತ್ತದೆ. ಆಮೇಲೆ 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಮಸೆದ ಗೆರೆಗಳನ್ನು ನೋಡುತ್ತೇನೆ. ಅವು ಉದ್ದುದ್ದಕ್ಕೆ ತುದಿಯ ಕಡೆ ಓಡಿರಬೇಕು. ಮೊನೆಯ ಸುತ್ತ ಉಂಗುರದಂತೆ ಅಡ್ಡ ಗೆರೆಗಳಿದ್ದರೆ ಒಂದು ದಿನ ಅಲ್ಲಿಂದಲೇ ಮುರಿಯುವ ಸಂಭವ ಹೆಚ್ಚು. ಕೊನೆಗೆ ಮೈಲ್ಡ್ ಸ್ಟೀಲ್ ತುಂಡಿನ ಮೇಲೆ ಒಂದೇ ಒಂದು ಗೀರು ಎಳೆದು, ಮೊನೆಯನ್ನು ಬೆಳಕಿಗೆ ಹಿಡಿಯುತ್ತೇನೆ. ಚೂಪಾದ ತುದಿಗೆ ಬೆಳಕು ಹಿಡಿದಿಡುವಷ್ಟು ಜಾಗವೇ ಇರುವುದಿಲ್ಲ. ಅಲ್ಲಿ ಬಿಳಿ ಚುಕ್ಕೆಯೊಂದು ಹೊಳೆದರೆ ಒಂದೇ ಗೀರಿಗೆ ಮೊನೆ ಕುಸಿದಿದೆ ಎಂದರ್ಥ. ಹದ (ಕಾಯಿಸಿ ತಣಿಸಿ ಕೊಟ್ಟ ಗಟ್ಟಿತನ) ಸರಿಯಿಲ್ಲದ ಆ ಉಕ್ಕನ್ನು ಎಷ್ಟು ಮಸೆದರೂ ನಿಲ್ಲದು. ಅನುಮಾನ ಉಳಿದರೆ ಮೊನೆಯ ಹತ್ತಿರ ಸಣ್ಣ ಅರ ತಾಗಿಸುತ್ತೇನೆ. ಅರ ಜಾರಿದರೆ ಗಟ್ಟಿ, ಕಚ್ಚಿದರೆ ಮೆದು.

ಹದಗೊಳಿಸಿದ ಉಕ್ಕಿನ ಮೊನೆಯೋ, ಟಂಗ್‌ಸ್ಟನ್ ಕಾರ್ಬೈಡ್ ಮೊನೆಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ದಿನವಿಡೀ ಯಾವ ಲೋಹ ಕೈಗೆ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಮೈಲ್ಡ್ ಸ್ಟೀಲ್, ಅಲ್ಯೂಮಿನಿಯಂ, ಹಿತ್ತಾಳೆಗೆ ಹೈ ಕಾರ್ಬನ್ ಸ್ಟೀಲ್ ಸಾಕು, ಸಾಕು ಎನ್ನುವುದಕ್ಕಿಂತ ಅದೇ ಒಳ್ಳೆಯದು: ಮೊಂಡಾದರೆ ಬೆಂಚಿನ ಮೇಲಿರುವ ಆಯಿಲ್ ಸ್ಟೋನಿನಲ್ಲೇ ಚೂಪು ಮಾಡಬಹುದು. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಅದು ಬೇಗ ಸೋಲುತ್ತದೆ. ಹದಗೊಳಿಸಿದ ಬಿಡಿಭಾಗಗಳ ಮೇಲೆ ಗುರುತೇ ಬೀಳದೆ ಜಾರುತ್ತದೆ. ಅಲ್ಲಿ ಕಾರ್ಬೈಡ್ ಬೇಕು. ಆದರೆ ಕಾರ್ಬೈಡ್ ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ಸಿಮೆಂಟ್ ನೆಲದ ಮೇಲೆ ಒಮ್ಮೆ ತಲೆಕೆಳಗಾಗಿ ಬಿದ್ದರೆ ತುದಿ ಸಿಡಿದುಹೋಗುತ್ತದೆ, ಮತ್ತೆ ಮಸೆಯಲು ಡೈಮಂಡ್ ಕಲ್ಲೋ ಹಸಿರು ಸಿಲಿಕಾನ್ ಕಾರ್ಬೈಡ್ ವೀಲೋ ಬೇಕು. ಹೀಗಾಗಿ ಕಾರ್ಬೈಡ್ ಕೊಳ್ಳುವುದಿದ್ದರೆ ತುದಿ ಬದಲಿಸಲು ಬರುವ, ಮೊನೆಗೆ ಮುಚ್ಚಳ ಇರುವ, ಪೆನ್ನಿನಂಥದ್ದನ್ನೇ ಕೊಳ್ಳಿ ಎನ್ನುತ್ತೇನೆ.

ನನ್ನ ಟೂಲ್ ಬಾಕ್ಸಿನಲ್ಲಿ ತೆಳ್ಳನೆಯ ಸ್ಕ್ರೈಬರ್ ಬೇರೆ, ಹಿಡಿ ಇರುವ ದಪ್ಪ ಸ್ಕ್ರ್ಯಾಚ್ ಆಲ್ ಬೇರೆ. ಸ್ಕ್ರೈಬರಿನ ಮೊನೆ 12ರಿಂದ 15 ಡಿಗ್ರಿ. ರೂಲಿನ ಬುಡಕ್ಕೆ ಸರಿಯಾಗಿ ನುಗ್ಗುತ್ತದೆ, ಆದರೆ ಒತ್ತಡ ತಾಳುವುದಿಲ್ಲ. ದಪ್ಪ ಆಲ್ ಇರುವುದು ಒರಟು ಕೆಲಸಕ್ಕೆ: ತಗಡಿನಲ್ಲಿ ಸ್ಕ್ರೂಗೆ ದಾರಿ ಮಾಡುವುದು, ಗ್ಯಾಸ್ಕೆಟ್ ಹಾಳೆಯಲ್ಲಿ ತೂತಿನ ಗುರುತು ಹಾಕುವುದು, ತುಕ್ಕು ಹಿಡಿದ ಚ್ಯಾನಲ್ ಮೇಲೆ ಗೆರೆ ಎಳೆಯುವುದು. ಒಂದೇ ಉಪಕರಣದಿಂದ ಎರಡನ್ನೂ ಮಾಡಿಸಲು ಹೋದರೆ ಎರಡೂ ಕೆಡುತ್ತವೆ ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ.

ದಪ್ಪ ಆಲ್‌ನಲ್ಲಿ ಮೊನೆಯ ನಂತರ ನೋಡಬೇಕಾದದ್ದು ಸರಳು ಹಿಡಿಯೊಳಗೆ ಎಲ್ಲಿಯವರೆಗೆ ಹೋಗಿದೆ ಎಂಬುದು. ಅರ್ಧಕ್ಕೇ ನಿಂತಿದ್ದರೆ ಸುತ್ತಿಗೆಯ ಮೆಲುಪೆಟ್ಟಿಗೂ ಹಿಡಿ ಸೀಳುತ್ತದೆ, ಇಲ್ಲವೇ ಸರಳು ಒಳಗೇ ಗರಗರ ತಿರುಗತೊಡಗುತ್ತದೆ. ಹಿಂಬದಿಯವರೆಗೆ ಹೋಗಿ ಉಕ್ಕಿನ ಟೋಪಿಗೆ ಕೂಡಿದ್ದರೆ ಮಾತ್ರ ಅದನ್ನು ತಟ್ಟಬಹುದು, ಅದೂ ತೆಳು ತಗಡಿಗೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಗಟ್ಟಿ ಮೊನೆಯಿಂದ ಸಿಡಿಯುವ ಚೂರು ಎತ್ತ ಹೋಗುತ್ತದೆಂದು ಹೇಳಲಾಗದು. ದಪ್ಪ ಲೋಹದ ಮೇಲೆ ಗುಳಿ ಬೇಕಿದ್ದರೆ ಡಾಟ್ ಪಂಚ್, ನಂತರ 90 ಡಿಗ್ರಿಯ ಸೆಂಟರ್ ಪಂಚ್ ಇದ್ದೇ ಇವೆ.

ಹಿಡಿ ಮರದ್ದೋ ಪ್ಲಾಸ್ಟಿಕ್ಕೋ ಎಂಬ ಬಗ್ಗೆ ನನಗೆ ಹಟವಿಲ್ಲ. ದುಂಡಗಿರಬಾರದು, ಅಷ್ಟೆ. ಬೆಂಚಿನಿಂದ ಉರುಳಿ ಬೀಳುವ ಆಲ್ ಹೆಚ್ಚಾಗಿ ಮೊನೆಯ ಮೇಲೇ ಬೀಳುತ್ತದೆ. ಎಣ್ಣೆಗೈಯಲ್ಲಿ ಕೆಲಸ ಮಾಡುವವರು ಮೂಲೆಗಳಿರುವ ಹಿಡಿಯನ್ನೇ ಹುಡುಕಲಿ.

ಮೆಕ್ಯಾನಿಕ್‌ಗಳಿಗೆ ಎರಡು ಮಾತು ಒತ್ತಿ ಹೇಳಬೇಕು. ಬೋಲ್ಟ್ ತೂತುಗಳನ್ನು ಸರಿಹೊಂದಿಸಲು ಆಲ್ ತೂರಿಸಿ ಎತ್ತುವ ಅಭ್ಯಾಸ ಬಿಡಿ. ಅದಕ್ಕೆ ಡ್ರಿಫ್ಟ್ ಎಂಬ ಬೇರೆ ಸರಳೇ ಇದೆ. ಆಯಿಲ್ ಸೀಲ್, ಓ-ರಿಂಗ್ ಕೀಳಲು ಕೂಡ ಇದನ್ನು ಬಳಸಬೇಡಿ. ಸೀಲ್ ಕೂರುವ ಮೈಯಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಹೊಸ ಸೀಲ್ ಹಾಕಿದ ಮೇಲೂ ಎಣ್ಣೆ ಜಿನುಗುತ್ತಲೇ ಇರುತ್ತದೆ. ಅಲ್ಲಿಗೆ ಹಿತ್ತಾಳೆಯ ಇಲ್ಲವೇ ಪ್ಲಾಸ್ಟಿಕ್ಕಿನ ಪಿಕ್ ಸರಿ.

ಇನ್ನು ಗೀರು ಎಳೆಯುವ ಬಗೆ. ಆಲ್ ಅನ್ನು ಎಳೆಯುವ ದಿಕ್ಕಿಗೆ ಸ್ವಲ್ಪ ಬಾಗಿಸಿ, ಜೊತೆಗೆ ಮೇಲ್ಭಾಗವನ್ನು ರೂಲಿನಿಂದ ಆಚೆ ವಾಲಿಸಿ, ಮೊನೆ ರೂಲಿನ ಕೆಳ ಅಂಚಿಗೇ ತಾಗುವಂತೆ ಹಿಡಿಯಿರಿ. ನೆಟ್ಟಗೆ ಹಿಡಿದರೆ ಸರಳಿನ ಮೈ ರೂಲಿಗೆ ತಾಗಿ ಮೊನೆ ದೂರ ಉಳಿಯುತ್ತದೆ. ಎಳೆಯುವುದು ಒಂದೇ ಸಲ. ಎರಡನೆಯ ಗೀರು ಮೊದಲನೆಯದರ ಪಕ್ಕದಲ್ಲೇ ಬೀಳುತ್ತದೆ. ಮೊದಲು ಮಾರ್ಕಿಂಗ್ ಬ್ಲೂ (ಗೀರು ಎದ್ದು ಕಾಣಲು ಬಳಿಯುವ ನೀಲಿ ಬಣ್ಣ) ಬಳಿದಿದ್ದರೆ ಹಗುರ ಕೈ ಸಾಕು, ಬಣ್ಣ ಕಿತ್ತು ಹೊಳಪು ಗೆರೆ ಕಾಣುತ್ತದೆ. ಒರಟು ಎರಕದ ಮೇಲೆ ಸೀಮೆಸುಣ್ಣ ಹಚ್ಚಿದರಾಯಿತು.

ಎಲ್ಲಿ ಗೀರಬಾರದು ಎನ್ನುವುದೂ ಮುಖ್ಯ. ತಗಡನ್ನು ಮಡಿಸುವ ಗೆರೆಯನ್ನು ಆಲ್‌ನಿಂದ ಎಂದೂ ಹಾಕಬೇಡಿ. ಮಡಿಸುವಾಗ ಎಳೆತವೆಲ್ಲ ಆ ಗೀರಿನಲ್ಲಿ ಸೇರಿ ಅಲ್ಲಿಂದಲೇ ಬಿರುಕು ಏಳುತ್ತದೆ, ಗಟ್ಟಿ ಅಲ್ಯೂಮಿನಿಯಂನಲ್ಲಂತೂ ಬಹುಬೇಗ. ಗ್ಯಾಲ್ವನೈಸ್ಡ್ ತಗಡಿನಲ್ಲಿ ಆಳವಾಗಿ ಗೀರಿದರೆ ಸತುವಿನ ಪದರ ಹೋಗಿ ತುಕ್ಕಿಗೆ ದಾರಿಯಾಗುತ್ತದೆ. ಇಂಥ ಕಡೆ ನಾನು ಮಾರ್ಕರ್ ಪೆನ್ ಬಳಸುತ್ತೇನೆ, ಕತ್ತರಿಸಿಹೋಗುವ ಗೆರೆಗಷ್ಟೇ ಆಲ್.

ಮೊನೆ ಮಸೆಯುವುದು ಕೈಯಲ್ಲೇ ಆಗಲಿ. ಆಯಿಲ್ ಸ್ಟೋನ್ ಮೇಲೆ ಮೊನೆಯನ್ನು ಮಲಗಿಸಿ, ಹಿಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ತುದಿಯ ಕಡೆಗೆ ಎಳೆಯಬೇಕು. ಗ್ರೈಂಡಿಂಗ್ ವೀಲಿಗೆ ಹಿಡಿದರೆ ಅಷ್ಟು ತೆಳ್ಳನೆಯ ತುದಿ ಕ್ಷಣದಲ್ಲಿ ಕಾಯುತ್ತದೆ. 220 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತಿಳಿ ಹುಲ್ಲಿನ ಬಣ್ಣ ಬರುತ್ತದೆ, 300ರ ಹತ್ತಿರ ನೀಲಿ. ನೀಲಿ ಕಂಡಿತೆಂದರೆ ಹದ ಇಳಿದಿದೆ. ಅಷ್ಟು ಭಾಗವನ್ನು ಕಲ್ಲಿನ ಮೇಲೆ ಸವೆಸಿ ತೆಗೆಯುವವರೆಗೆ ಆ ಮೊನೆ ಗೀರು ಹಿಡಿಯುವುದಿಲ್ಲ. ವೀಲ್ ಬಳಸಲೇಬೇಕಾದರೆ ನೀರಿನ ಡಬ್ಬಿ ಪಕ್ಕದಲ್ಲೇ ಇರಲಿ, ಒಂದೊಂದು ತಾಗಿಗೂ ಅದ್ದುತ್ತಿರಿ. ಕೆಲಸ ಮುಗಿದ ಮೇಲೆ ಮೊನೆಗೊಂದು ಕಾರ್ಕ್ ಚುಚ್ಚಿ ಇಡಿ, ಬರಿ ಮೊನೆಯನ್ನು ಜೇಬಿಗೆ ಹಾಕಬೇಡಿ.