ಚೀಲ ತುಂಬ ಫ್ಯಾಂಟಸಿ: ಸರಣಿ ಪುಸ್ತಕ ಕೊಳ್ಳುವ ನನ್ನ ಕ್ರಮ

ತಿಂಗಳಿಗೊಂದು ಶನಿವಾರ ಮೈಸೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲು ಹತ್ತುತ್ತೇನೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹಿಡಿದು ಎಂ.ಜಿ. ರಸ್ತೆಯಲ್ಲಿ ಇಳಿದರೆ ಚರ್ಚ್ ಸ್ಟ್ರೀಟ್ ಪಕ್ಕದಲ್ಲೇ. ಬ್ಲಾಸಮ್, ಬುಕ್‌ವರ್ಮ್ ಎಂಬ ಪುಸ್ತಕದಂಗಡಿಗಳೆರಡೂ ಅಲ್ಲೇ ಇವೆ. ಇನ್ನೊಂದಿಷ್ಟು ನಡೆದರೆ ಬ್ರಿಗೇಡ್ ರಸ್ತೆಯ ಒಳಓಣಿಯಲ್ಲಿ 1945ರಲ್ಲಿ ಶುರುವಾದ ಸೆಲೆಕ್ಟ್ ಬುಕ್ ಶಾಪ್. ಸಂಜೆ ವಾಪಸ್ ಬರುವಾಗ ಬಟ್ಟೆ ಚೀಲದಲ್ಲಿ ನಾಲ್ಕೈದು ಪುಸ್ತಕ ಇರುತ್ತವೆ. ಮುಕ್ಕಾಲು ಪಾಲು ಫ್ಯಾಂಟಸಿ, ಅಂದರೆ ಮಾಯೆ, ಮಂತ್ರದ ಕಲ್ಪನಾಲೋಕದ ಕಥೆಗಳು, ಅದರಲ್ಲೂ ಹೆಚ್ಚಿನವು ಸೆಕೆಂಡ್ ಹ್ಯಾಂಡ್.

ಹೋದ ತಿಂಗಳು ನನ್ನ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮ, ನಾನೂ ಫ್ಯಾಂಟಸಿ ಓದಬೇಕು, ಏನು ತರಲಿ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು: ಸರಣಿಯನ್ನು ಒಟ್ಟಿಗೆ ಕೊಳ್ಳಬೇಡಿ. ಮೊದಲ ಪುಸ್ತಕ ಒಂದೇ ತನ್ನಿ. ಎಷ್ಟು ಅಗ್ಗಕ್ಕೆ ಸಿಕ್ಕರೂ ಅಷ್ಟೇ.

ಒಮ್ಮೆ ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ಸರಣಿಯ ಆರು ಸಂಪುಟಗಳು ದಾರ ಕಟ್ಟಿಟ್ಟ ಕಂತೆಯಾಗಿ ಸಿಕ್ಕವು. ಬೆಲೆ ಕಡಿಮೆ ಇತ್ತು, ತಂದುಬಿಟ್ಟೆ. ಆ ಸರಣಿ 14 ಸಂಪುಟಗಳದ್ದು. ಮೊದಲನೆಯದು ಬಂದದ್ದು 1990ರಲ್ಲಿ. ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಅವರ ಟಿಪ್ಪಣಿಗಳ ಆಧಾರದಲ್ಲಿ ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದು 2013ರಲ್ಲಿ ಮುಗಿಸಿದರು. ಅಷ್ಟು ದೊಡ್ಡ ಲೋಕ ಕಟ್ಟಿದ ಶ್ರಮಕ್ಕೆ ನನಗೆ ಗೌರವ ಇದೆ. ಆದರೆ ಎರಡನೆಯ ಸಂಪುಟದ ನಡುವೆಯೇ ನನಗೆ ಗೊತ್ತಾಯಿತು, ಇಷ್ಟು ನಿಧಾನದ ಕಥೆ ನನ್ನದಲ್ಲ ಅಂತ. ಉಳಿದ ನಾಲ್ಕು ಎರಡು ವರ್ಷ ಕಪಾಟಿನಲ್ಲಿ ಜಾಗ ಹಿಡಿದವು. ಕೊನೆಗೆ ಆ ಸರಣಿ ಹುಡುಕುತ್ತಿದ್ದ ಸಹೋದ್ಯೋಗಿಯೊಬ್ಬರಿಗೆ ಆರನ್ನೂ ಕೊಟ್ಟೆ. ಅವರು ಈಗ ಒಂಬತ್ತನೆಯದರಲ್ಲಿದ್ದಾರೆ, ಖುಷಿಯಾಗಿ ಓದುತ್ತಿದ್ದಾರೆ.

ಕೊಳ್ಳುವ ಮುಂಚೆ ಸರಣಿ ಮುಗಿದಿದೆಯಾ ಅಂತ ನೋಡಿ. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ಐದನೆಯ ಪುಸ್ತಕ ಬಂದದ್ದು 2011ರಲ್ಲಿ, ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಪ್ಯಾಟ್ರಿಕ್ ರಾತ್‌ಫಸ್ ಅವರ ಸರಣಿಯ ಎರಡನೆಯದೂ 2011ರದ್ದೇ, ಮೂರನೆಯದು ಇನ್ನೂ ಬಂದಿಲ್ಲ. ಕಾಯುವ ತಾಳ್ಮೆ ಇದ್ದರೆ ಧಾರಾಳವಾಗಿ ಓದಿ, ಎರಡೂ ಚೆನ್ನಾಗಿವೆ. ನನಗೆ ಕೊನೆ ಬೇಕು. ಹಾಗಾಗಿ ನಾನು ಮುಗಿದ ಸರಣಿಯನ್ನೇ ಮೊದಲು ಹುಡುಕುತ್ತೇನೆ.

ಇನ್ನೊಂದು ತೊಡಕು ಆವೃತ್ತಿಯದ್ದು. ಇದರಲ್ಲಿ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಹೊಸದಾಗಿ ಸಿಗುವವು ಹೆಚ್ಚಾಗಿ ಬ್ರಿಟಿಷ್ ಆವೃತ್ತಿಗಳು. ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಅಮೆರಿಕದವೂ ಬೆರೆತಿರುತ್ತವೆ. ಮಾರ್ಟಿನ್ ಅವರ ಸರಣಿಯ ಮೂರನೆಯ ಪುಸ್ತಕ 'ಎ ಸ್ಟಾರ್ಮ್ ಆಫ್ ಸೋರ್ಡ್ಸ್' ಬ್ರಿಟಿಷ್ ಪೇಪರ್‌ಬ್ಯಾಕ್‌ನಲ್ಲಿ ಎರಡು ಭಾಗವಾಗಿ ಬಂದಿದೆ. ಮೊದಲ ಭಾಗದ ಹೆಸರು 'ಸ್ಟೀಲ್ ಅಂಡ್ ಸ್ನೋ', ಎರಡನೆಯದು 'ಬ್ಲಡ್ ಅಂಡ್ ಗೋಲ್ಡ್'. ಒಂದೇ ಭಾಗ ತಂದು, ಇದೇ ಪೂರ್ತಿ ಪುಸ್ತಕ ಅಂದುಕೊಂಡು ಓದಿದರೆ ಕಥೆ ನಡುವೆಯೇ ನಿಂತುಹೋಗುತ್ತದೆ. ಫಿಲಿಪ್ ಪುಲ್ಮನ್ ಅವರದ್ದು ಇದಕ್ಕೆ ಉಲ್ಟಾ. ಬ್ರಿಟನ್ನಿನ 'ನಾರ್ದರ್ನ್ ಲೈಟ್ಸ್', ಅಮೆರಿಕದ 'ದಿ ಗೋಲ್ಡನ್ ಕಂಪಾಸ್' ಎರಡೂ ಒಂದೇ ಕಾದಂಬರಿ. ಬೇರೆ ಬೇರೆ ಅಂದುಕೊಂಡು ಎರಡನ್ನೂ ತಂದವರನ್ನು ನೋಡಿದ್ದೇನೆ. ಅಂಗಡಿಯಲ್ಲೇ ಮೊಬೈಲ್ ತೆಗೆದು ಸರಣಿಯ ಪಟ್ಟಿ ನೋಡಿಕೊಂಡರೆ ಸಾಕು, ಒಂದು ನಿಮಿಷದ ಕೆಲಸ.

ಎಲ್ಲ ಸರಣಿಯನ್ನೂ ಒಂದನೆಯದರಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಟೆರ್ರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್‌ನಲ್ಲಿ 41 ಕಾದಂಬರಿಗಳಿವೆ, 1983ರಿಂದ 2015ರವರೆಗೆ ಬಂದವು. ಮೊದಲೆರಡರಲ್ಲಿ ಅವರ ಕೈ ಇನ್ನೂ ಪಳಗಿರಲಿಲ್ಲ. ನೀವು 1987ರ 'ಮಾರ್ಟ್' ಅಥವಾ 1989ರ 'ಗಾರ್ಡ್ಸ್! ಗಾರ್ಡ್ಸ್!' ಎತ್ತಿಕೊಳ್ಳಿ. ನಗಿಸುತ್ತಲೇ ಇಷ್ಟು ಕರುಣೆಯಿಂದ ಮನುಷ್ಯರನ್ನು ನೋಡುವ ಲೇಖಕರು ಕಡಿಮೆ.

ಪುಸ್ತಕ ಕೈಗೆ ಬಂದ ಮೇಲೆ ಎರಡು ಕಡೆ ಓದಿ: ಮೊದಲ ಪುಟ, ಆಮೇಲೆ ನೂರನೆಯ ಪುಟ. ಮೊದಲ ಪುಟವನ್ನು ಎಲ್ಲರೂ ಜೋಪಾನವಾಗಿ ಬರೆದಿರುತ್ತಾರೆ. ನೂರನೆಯ ಪುಟಕ್ಕೆ ಬರುವಷ್ಟರಲ್ಲಿ ಲೇಖಕರ ನಿಜವಾದ ನಡಿಗೆ ಗೊತ್ತಾಗುತ್ತದೆ. ಅಲ್ಲಿ ಜನ ಜನರ ಹಾಗೆ ಮಾತಾಡುತ್ತಿದ್ದಾರಾ? ಅಥವಾ ಹಳೆಯ ಯುದ್ಧ, ರಾಜವಂಶಗಳ ಬಗ್ಗೆ ಒಬ್ಬರಿಗೊಬ್ಬರು ಪಾಠ ಒಪ್ಪಿಸುತ್ತಿದ್ದಾರಾ? ಪಾಠ ಆಗಿದ್ದರೆ ನಾನು ವಾಪಸ್ ಇಟ್ಟುಬಿಡುತ್ತೇನೆ.

ಈ ಪರೀಕ್ಷೆಯಲ್ಲಿ ನನಗೆ ಸಿಕ್ಕ ಬಂಗಾರ ಅಂದರೆ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ಥ್‌ಸೀ'. 1968ರ ಪುಸ್ತಕ. ದಪ್ಪ ಇಲ್ಲವೇ ಇಲ್ಲ, ಸುಮಾರು 200 ಪುಟ. ಮೊದಲ ಸಾಲಿನಲ್ಲೇ ಬಿರುಗಾಳಿಯ ಸಮುದ್ರದ ನಡುವೆ ಬೆಟ್ಟವೇ ದ್ವೀಪವಾಗಿ ನಿಂತಿರುತ್ತದೆ. ಆ ದ್ವೀಪದಲ್ಲಿ ಮೇಕೆ ಕಾಯುವ ಹುಡುಗನೊಬ್ಬ ಮಾಂತ್ರಿಕನಾಗುವ ಕಥೆ ಅದು. ಆ ಲೋಕದಲ್ಲಿ ಪ್ರತಿ ವಸ್ತುವಿಗೂ, ಪ್ರತಿ ಮನುಷ್ಯನಿಗೂ ಒಂದು ನಿಜವಾದ ಹೆಸರಿರುತ್ತದೆ. ಅದು ಗೊತ್ತಾದವರಿಗೆ ಅದರ ಮೇಲೆ ಹಿಡಿತ ಸಿಗುತ್ತದೆ. ಹಾಗಾಗಿ ತನ್ನ ನಿಜ ಹೆಸರನ್ನು ಯಾರೂ ಸುಮ್ನೆ ಹೇಳುವುದಿಲ್ಲ. ಇದನ್ನು ಓದುವಾಗ ನನಗೆ ಅಜ್ಜಿಯ ಕಥೆ ನೆನಪಾಯಿತು. ಏಳು ಸಮುದ್ರದಾಚೆ, ಮರದ ಪೊಟರೆಯಲ್ಲಿ ಗಿಳಿ, ಆ ಗಿಳಿಯಲ್ಲಿ ರಾಕ್ಷಸನ ಪ್ರಾಣ. ಪ್ರಾಣವನ್ನು ಬಚ್ಚಿಡುವುದು, ಹೆಸರನ್ನು ಬಚ್ಚಿಡುವುದು, ಎರಡರ ಹಿಂದಿನ ಭಯ ಒಂದೇ ಅಲ್ವಾ? ಕನ್ನಡದಲ್ಲಿ ಕಥೆ ಕೇಳಿ ಬೆಳೆದವರಿಗೆ ಫ್ಯಾಂಟಸಿ ಹೊಸದೇನಲ್ಲ. ಅದನ್ನು ಇಂಗ್ಲಿಷಿನಲ್ಲಿ ಮತ್ತೆ ಭೇಟಿಯಾಗುತ್ತೇವೆ ಅಷ್ಟೇ.

ಅರ್ಥ್‌ಸೀಯ ನಾಯಕ ಕಂದು ಮೈಬಣ್ಣದವನು. ಹಲವು ಮುಖಪುಟಗಳಲ್ಲಿ ಅವನನ್ನು ಬಿಳಿಯನಂತೆ ಬರೆದದ್ದು ಲೆ ಗ್ವಿನ್ ಅವರಿಗೆ ಬೇಸರ ತಂದಿತ್ತು. ಮುಖಪುಟ ನೋಡಿ ಫ್ಯಾಂಟಸಿ ಆರಿಸಬಾರದು ಎನ್ನಲು ನನಗೆ ಇದೊಂದೇ ಸಾಕು.

ರಾಬಿನ್ ಹಾಬ್ ಅವರ 'ಅಸ್ಯಾಸಿನ್ಸ್ ಅಪ್ರೆಂಟಿಸ್' ಕೂಡ ಹೀಗೇ ನಿಂತಲ್ಲೇ ಹಿಡಿಯಿತು. ಆರು ವರ್ಷದ ಹುಡುಗನನ್ನು ತಾತ ಕರೆತಂದು ಕೋಟೆ ಬಾಗಿಲಲ್ಲಿ ಬಿಟ್ಟುಹೋಗುತ್ತಾನೆ. ರಾಜಕುಮಾರನಿಗೆ ಮದುವೆಯಾಚೆ ಹುಟ್ಟಿದ ಮಗ. ಅವತ್ತು ರಾತ್ರಿ ಅವನಿಗೆ ಲಾಯದ ಹುಲ್ಲಿನಲ್ಲಿ ನಾಯಿಗಳ ಜೊತೆ ಮಲಗಲು ಜಾಗ ಸಿಗುತ್ತದೆ. ಆ ನಾಯಿಗಳ ಬಿಸಿ ನನ್ನ ಕೈಗೂ ತಾಗಿದ ಹಾಗಾಯಿತು. ಈ ಲೋಕದ ಕಥೆ 1995ರಿಂದ 2017ರವರೆಗೆ 16 ಕಾದಂಬರಿಗಳಲ್ಲಿ ನಡೆದು ಮುಗಿದಿದೆ. ಮೊದಲ ಮೂರು ತಮ್ಮಷ್ಟಕ್ಕೇ ಒಂದು ಕಥೆ. ಇಷ್ಟವಾದರೆ ಮುಂದೆ ಹೋಗಿ.

ಒಂದೇ ಪುಸ್ತಕದಲ್ಲಿ ಮುಗಿಯುವುದು ಬೇಕಾ? ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ', 2020ರದ್ದು. ಕಥೆ ಏನು ಅಂತ ಯಾರನ್ನೂ ಕೇಳದೆ ಓದಿ. ಕಷ್ಟದ್ದು ಬೇಕಿದ್ದರೆ ಎನ್.ಕೆ. ಜೆಮಿಸಿನ್ ಅವರ 'ದಿ ಫಿಫ್ತ್ ಸೀಸನ್'. ಆ ಸರಣಿಯ ಮೂರೂ ಪುಸ್ತಕಗಳಿಗೆ 2016, 2017, 2018ರಲ್ಲಿ ಸಾಲಾಗಿ ಹ್ಯೂಗೋ ಪ್ರಶಸ್ತಿ (ಫ್ಯಾಂಟಸಿ, ವೈಜ್ಞಾನಿಕ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿ) ಬಂತು. ಕಥೆಯ ಒಂದು ಎಳೆ ಪೂರ್ತಿ 'ನೀನು' ಎಂದೇ ಸಾಗುತ್ತದೆ. 50 ಪುಟ ತಾಳ್ಮೆ ಇಟ್ಟುಕೊಳ್ಳಿ.

ಈಗ ಪುಸ್ತಕದ ಮೈ ನೋಡುವ ವಿಷಯ. ದಪ್ಪ ಪೇಪರ್‌ಬ್ಯಾಕ್‌ನ ಬೆನ್ನು ಹಿಡಿದು ನಡುವೆ ಮೆಲ್ಲಗೆ ತೆರೆಯಿರಿ. ಚಟಚಟ ಸದ್ದು ಬಂದರೆ ಅಂಟು ಒಣಗಿದೆ ಅಂತ ಅರ್ಥ, ಓದುತ್ತಾ ಹಾಳೆ ಉದುರುತ್ತವೆ. ಮೂಗಿನ ಹತ್ತಿರ ಹಿಡಿಯಿರಿ. ಹಳೆಯ ಕಾಗದದ ವಾಸನೆ ಪರವಾಗಿಲ್ಲ, ಒದ್ದೆ ಗೋಣಿಚೀಲದ ವಾಸನೆ ಬಂದರೆ ಬೇಡ. ಆ ಬೂಷ್ಟು ನಿಮ್ಮ ಬೇರೆ ಪುಸ್ತಕಗಳಿಗೂ ಹರಡುತ್ತದೆ. ಕಥೆಯ ಲೋಕದ ನಕಾಶೆ ಇದೆಯಾ ನೋಡಿ. ಫ್ಯಾಂಟಸಿಯಲ್ಲಿ ಮೊದಲು ಹರಿದುಹೋಗುವುದು ಅದೇ ಹಾಳೆ.

ಪುಟಸಂಖ್ಯೆ ನೋಡುವುದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ ಪುಸ್ತಕದಲ್ಲಿ 352ನೆಯ ಪುಟ ಆದ ಮೇಲೆ ಮತ್ತೆ 321 ಬಂತು. ಅದೇ 32 ಪುಟ ಎರಡನೇ ಸಲ, ಆಮೇಲೆ ನೇರವಾಗಿ 385. ಪುಸ್ತಕವನ್ನು 16 ಅಥವಾ 32 ಪುಟಗಳ ಕಂತುಗಳಾಗಿ ಮಡಚಿ ಜೋಡಿಸುತ್ತಾರೆ. ಒಂದು ಕಂತು ಬಿಟ್ಟುಹೋಗಿ, ಅದರ ಜಾಗದಲ್ಲಿ ಹಿಂದಿನದೇ ಎರಡು ಸಲ ಸೇರಿತ್ತು. ಕೋಟೆಗೆ ಮುತ್ತಿಗೆ ಬಿದ್ದ ಅಧ್ಯಾಯವೇ ಇಲ್ಲ! ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಹೆಬ್ಬೆರಳಲ್ಲಿ ಪುಟಗಳನ್ನು ಸರ್ರನೆ ಬಿಡುತ್ತಾ ಮೂಲೆಯ ಅಂಕಿ ನೋಡುತ್ತೇನೆ. ಅರ್ಧ ನಿಮಿಷ ಸಾಕು.

ಫುಟ್‌ಪಾತಿನ ನಕಲಿ ಪ್ರತಿ ಬೇಡ. ತೆಳು ಕಾಗದ, ಮಸಿ ಹಬ್ಬಿದ ಅಕ್ಷರ, ಊರ ಹೆಸರೇ ಓದಲಾಗದ ನಕಾಶೆ ಕಂಡರೆ ಇಟ್ಟುಬಿಡಿ. ಬರೆದವರಿಗೆ ಅದರಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಸೆಕೆಂಡ್ ಹ್ಯಾಂಡ್ ಕೊಂಡಾಗಲೂ ಹೋಗುವುದಿಲ್ಲ. ಅದಕ್ಕೇ ಪ್ರತಿ ಸಲ ಒಂದು ಪುಸ್ತಕವನ್ನಾದರೂ ಹೊಸದಾಗಿ ಕೊಳ್ಳುತ್ತೇನೆ, ಈಗ ಬರೆಯುತ್ತಿರುವ ಲೇಖಕರದ್ದು. ತಿಂಗಳ ಲೆಕ್ಕ 1500 ರೂಪಾಯಿ. ಮೊದಲು ಆ ಹೊಸದು, ಉಳಿದ ದುಡ್ಡಿಗೆ ಹಳೆಯವು.

ಮನೆಗೆ ಬಂದ ಮೇಲೆ ಹೊಸ ದಪ್ಪ ಪುಸ್ತಕವನ್ನು ಒಮ್ಮೆಲೇ ಅಗಲಿಸಬೇಡಿ, ಬೆನ್ನು ಬಿರಿಯುತ್ತದೆ. ಮೇಜಿನ ಮೇಲೆ ಬೆನ್ನು ಕೆಳಗಾಗಿ ನಿಲ್ಲಿಸಿ. ಮುಂದಿನಿಂದ ಹತ್ತು ಹಾಳೆ ಮಲಗಿಸಿ ಬೆರಳಿಂದ ಒತ್ತಿ, ಹಿಂದಿನಿಂದ ಹತ್ತು ಹಾಳೆ. ಹೀಗೇ ಎರಡೂ ಕಡೆಯಿಂದ ನಡುವಿಗೆ ಬನ್ನಿ. ಹಳೆಯದನ್ನು ಎರಡು ದಿನ ನೆರಳಲ್ಲಿ, ಫ್ಯಾನಿನ ಗಾಳಿಗೆ ಬಿಡಿಸಿಟ್ಟು ಆಮೇಲೆ ಕಪಾಟಿಗೆ ಸೇರಿಸಿ. ಮಳೆಗಾಲದಲ್ಲಂತೂ ಗೋಡೆಗೆ ಒರಗಿಸಲೇಬೇಡಿ.

ಹೋದ ಶನಿವಾರ ಅಕ್ಕನ ಮಗಳೂ ಜೊತೆಗೆ ಬಂದಿದ್ದಳು. ಎರಡು ಗಂಟೆ ಹುಡುಕಿ ಒಂದೇ ಒಂದು ಪುಸ್ತಕ ಆರಿಸಿದಳು, ಅರ್ಥ್‌ಸೀಯ ಹಳೆಯ ಪ್ರತಿ. ಒಳಗಿನ ನಕಾಶೆಯಲ್ಲಿ ಯಾರೋ ಪೆನ್ಸಿಲಿನಿಂದ ದ್ವೀಪದಿಂದ ದ್ವೀಪಕ್ಕೆ ದೋಣಿಯ ದಾರಿ ಎಳೆದಿದ್ದರು. ರಾಮನಗರ ದಾಟುವಾಗ ಅವಳು ಆ ಗೆರೆಯ ಮೇಲೆ ಬೆರಳಿಟ್ಟು, "ಚಿಕ್ಕಮ್ಮ, ಇವನು ಇಷ್ಟು ದೂರ ಹೋಗ್ತಾನಾ?" ಅಂದಳು. ಓದು, ಅಂದೆ.